ಬೆಲ್ಟು ತಂದ ಅಳಿಯ

ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿ ಹಿಡಿದ ಅಳಿಯ ಮಾದನಹಿಪ್ಪರಗಾದಂಥ ಊರಿನ ಅತ್ತೆಮನೆಗೆ ಬರುವುದಕ್ಕೆ ಒಂದು ಕ್ರಮವಿದೆ. ಮದುವೆಯಾದ ವರ್ಷ ಪಂಚಮಿಗೆ ಬರುತ್ತಾನೆ, ಕೈಯಲ್ಲಿ ಮಿಠಾಯಿ ಡಬ್ಬಿ. ಮುಂದೆ ಕುಬಸಕ್ಕೆ ಬರುತ್ತಾನೆ, ಕೈಯಲ್ಲಿ ಹಸಿರು ಸೀರೆ. ತೊಟ್ಟಿಲ ಕಾರ್ಯಕ್ಕೆ ಬರುವಾಗ ಮಾತ್ರ ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಮುಖದಲ್ಲಿ ಸಂಶೋಧಕನ ಕಳೆ. ‘ಕೂಸಿಗಿ ಕ್ಯಾರಿಯರ್ ತಂದೀನ್ರಿ’ ಎನ್ನುತ್ತಾನೆ. ಈ ಸೀಮೆಯಲ್ಲಿ ಕ್ಯಾರಿಯರ್ ಎಂದರೆ ಒಂದು ಊಟದ ಡಬ್ಬಿ, ಇನ್ನೊಂದು ಸೈಕಲ್ಲಿನ ಹಿಂಭಾಗ. ಮೂರನೆಯದು, ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲ, ಯಾರಿಗೂ ಗೊತ್ತಿಲ್ಲ. ಹಾಗಾಗಿ ಅತ್ತೆ ‘ಎಷ್ಟ್ ಮಂದಿಗಿ ಬುತ್ತಿ ಕಟ್ಟಬೇಕ್ರಿ?’ ಎಂದು ಕೇಳಿದರೆ ಅದು ಅಜ್ಞಾನವಲ್ಲ, ಆತಿಥ್ಯ. ಪೆಟ್ಟಿಗೆ ಬಿಚ್ಚಿದಾಗ ಹೊರಬರುವುದು ನಾಲ್ಕು ಬೆಲ್ಟು, ಐದಾರು ಬಕಲು, ಒಂದು ಮೆತ್ತೆ, ಮತ್ತು ಕೂಸಿನ ಜಾತಕಕ್ಕಿಂತ ದಪ್ಪನೆಯ ಒಂದು ಪುಸ್ತಿಕೆ.

ಈ ಅಳಿಯನನ್ನು ಗುರುತಿಸುವುದು ಸುಲಭ. ಕೂಸು ಹುಟ್ಟುವ ಮೂರು ತಿಂಗಳ ಮುಂಚಿನಿಂದ ಆತ ರಾತ್ರಿ ನಿದ್ದೆಗೆಟ್ಟು ಹೋಲಿಕೆಪಟ್ಟಿ ಓದಿದ್ದಾನೆ. ಎಷ್ಟು ಕಿಲೊದಿಂದ ಎಷ್ಟು ಕಿಲೊವರೆಗೆ, ಎಷ್ಟು ಭಂಗಿ, ಯಾವ ಜಾಳಿಗೆ ಬಟ್ಟೆ, ಎಲ್ಲವೂ ಬಾಯಿಪಾಠ. ಕೂಸಿನ ತೂಕ ಕೇಳಿದರೆ ಹೆಂಡತಿಯ ಕಡೆ ನೋಡುತ್ತಾನೆ. ಅಂಗಳದಲ್ಲಿ ನಿಂತು ಬೆಲ್ಟು ಬಿಗಿಯಲು ಶುರುಮಾಡಿದರೆ ಎತ್ತಿನ ಮೈಮೇಲೆ ನೊಗ ಹೂಡುವಷ್ಟೇ ಗಾಂಭೀರ್ಯ. ಓಣಿಯ ಹುಡುಗರು ಸಾಲಾಗಿ ಕೂತು ನೋಡುತ್ತಾರೆ. ಬೆನ್ನ ಹಿಂದಿನ ಬಕಲು ಕೈಗೆ ಸಿಗುವುದಿಲ್ಲ, ಮಾವ ಬಂದು ಹಾಕಬೇಕು. ‘ಟಕ್’ ಎಂಬ ಸದ್ದಿಗೆ ಕೂಸು ಬೆಚ್ಚಿ ಚೀರುತ್ತದೆ. ಅಷ್ಟರಲ್ಲಿ ಅಜ್ಜಿ ಬಂದು ಕೂಸನ್ನು ಎತ್ತಿ ಬಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಸೆರಗು ಸಿಕ್ಕಿಸಿ, ಸುಮ್ಮನಿರಿಸಿ ಒಳಗೆ ಹೋಗಿಯೂ ಆಗಿರುತ್ತದೆ. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಇವನಿಗಾಗಿಯೇ ಕಾದು ಕೂತಂತಿದೆ.

ಆದರೆ ಗಾದೆ ಹೇಳಿ ನಕ್ಕು ಎದ್ದುಹೋಗುವುದು ನ್ಯಾಯವಲ್ಲ. ಅಳಿಯನ ಪುಸ್ತಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವೇ ಇದೆ. ಕೂಸನ್ನು ಹೊರುವಾಗ ಅದರ ಕಾಲು ಕಪ್ಪೆಯ ಕಾಲಿನಂತೆ ಅಗಲವಾಗಿ ಮಡಚಿರಬೇಕು, ಮೊಣಕಾಲು ಕುಂಡಿಗಿಂತ ತುಸು ಮೇಲಿರಬೇಕು, ತೊಡೆಯ ಕೆಳಗೆ ಮೊಣಕಾಲಿನ ತನಕ ಆಸರೆ ಇರಬೇಕು ಎನ್ನುವುದು ಮೂಳೆ ವೈದ್ಯರ ಮಾತು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಸೊಂಟದ ಕೀಲಿನ ಬಟ್ಟಲು ಇನ್ನೂ ಮೆತ್ತಗಿರುತ್ತದೆ. ಕಾಲನ್ನು ನೆಟ್ಟಗೆ ಎಳೆದು ಕಟ್ಟಿದರೆ ತೊಡೆಮೂಳೆಯ ಗುಂಡು ಬಟ್ಟಲಿನಿಂದ ಜಾರುವ ಸಂಭವ ಹೆಚ್ಚು. ಜಪಾನಿನಲ್ಲಿ 1970ರ ದಶಕದ ನಡುವೆ ಕೂಸುಗಳ ಕಾಲನ್ನು ನೆಟ್ಟಗೆ ಸುತ್ತಬೇಡಿ ಎಂದು ದೇಶವ್ಯಾಪಿ ಪ್ರಚಾರ ನಡೆಸಿದ ಮೇಲೆ ಸೊಂಟ ಜಾರಿದ ಕೂಸುಗಳ ಪ್ರಮಾಣ ಸ್ಪಷ್ಟವಾಗಿ ಇಳಿಯಿತು. ಈಗ ಅಜ್ಜಿಯನ್ನು ನೋಡಿ. ಅವಳ ಬಗಲಲ್ಲಿ ಕೂತ ಕೂಸಿನ ಕಾಲು, ಯಾವ ಪುಸ್ತಿಕೆಯನ್ನೂ ಓದದೆ, ವೈದ್ಯರು ಹೇಳಿದಂತೆಯೇ ಅಗಲವಾಗಿರುತ್ತದೆ. ಆದರೆ ಅದೇ ಅಜ್ಜಿ ಎರೆದ ಮೇಲೆ ಕೂಸನ್ನು ಬಟ್ಟೆಯಲ್ಲಿ ಸುತ್ತುವಾಗ ಎರಡೂ ಕಾಲು ಜೋಡಿಸಿ ಕಬ್ಬಿನ ಗಳದಂತೆ ಬಿಗಿಯುತ್ತಾಳೆ. ಕಂಕುಳಲ್ಲಿ ಗೆದ್ದದ್ದನ್ನು ಸುತ್ತುಬಟ್ಟೆಯಲ್ಲಿ ಸೋಲುತ್ತಾಳೆ. ಹಳತೆಲ್ಲ ಸರಿ ಎನ್ನುವವರಿಗೂ ಹೊಸತೆಲ್ಲ ಸರಿ ಎನ್ನುವವರಿಗೂ ಇಲ್ಲಿ ಸಮನಾದ ಏಟಿದೆ.

ಉಸಿರಿನ ವಿಷಯವೂ ಹೀಗೆಯೇ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2010ರ ಮಾರ್ಚಿನಲ್ಲಿ ಜೋಳಿಗೆಯಂಥ ಸ್ಲಿಂಗ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹಿಂದಿನ 20 ವರ್ಷಗಳಲ್ಲಿ ಇಂಥ ಸ್ಲಿಂಗ್‌ಗಳಿಗೆ ಸಂಬಂಧಪಟ್ಟ ಕನಿಷ್ಠ 14 ಸಾವುಗಳನ್ನು ಅದು ಗುರುತಿಸಿತ್ತು. ಅವುಗಳಲ್ಲಿ 12 ಕೂಸುಗಳು ನಾಲ್ಕು ತಿಂಗಳಿಗಿಂತ ಚಿಕ್ಕವು. ಕಾರಣ ಸರಳ: ಕತ್ತು ನಿಲ್ಲದ ಕೂಸು ಆಳವಾದ ಜೋಳಿಗೆಯಲ್ಲಿ ಬಾಗಿ ಮಲಗಿದರೆ ಗದ್ದ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಮೂಗಿಗೆ ಬಟ್ಟೆ ಒತ್ತಿದರೆ ದೂಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಮುಖ ಕಾಣಬೇಕು, ಗದ್ದ ಎತ್ತಿರಬೇಕು, ತಲೆ ಬಗ್ಗಿಸಿದರೆ ಮುತ್ತು ಕೊಡುವಷ್ಟು ಎತ್ತರದಲ್ಲಿ ಕೂಸು ಇರಬೇಕು. ದೃಷ್ಟಿ ತಾಗೀತೆಂದು ಕುಂಚಿಗೆಯ ಮೇಲೆ ಸೆರಗು, ಸೆರಗಿನ ಮೇಲೆ ಶಾಲು ಹೊದಿಸಿ ಮುಖ ಮುಚ್ಚುವ ನಮ್ಮ ಪ್ರೀತಿಯೂ ಈ ಎಚ್ಚರಿಕೆಯ ಕೆಳಗೇ ಬರುತ್ತದೆ. ನೆರೆಯವಳ ಕಣ್ಣಿಗಿಂತ ದೊಡ್ಡ ಅಪಾಯ ಉಸಿರಿಗೆ ಜಾಗವಿಲ್ಲದಿರುವುದು. ದೃಷ್ಟಿಗೆ ಗಲ್ಲದ ಮೇಲೆ ಒಂದು ಕಾಡಿಗೆ ಬೊಟ್ಟು ಸಾಕು.

ಹಾಗಿದ್ದರೆ ಅಳಿಯನ ತಪ್ಪೇನು? ತಪ್ಪು ಆತ ತಂದ ವಸ್ತುವಿನಲ್ಲಿಲ್ಲ, ಆರಿಸಿದ ರೀತಿಯಲ್ಲಿದೆ. ಹೊರುವ ಸೊಂಟ ಒಂದು, ಆರಿಸಿದ ಸೊಂಟ ಇನ್ನೊಂದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಂಜಿಕರ್ ಮತ್ತು ಬಾರ್ ಎಂಬ ವೈದ್ಯರು 99 ತಾಯಿ–ಮಗು ಜೋಡಿಗಳನ್ನು ಗಮನಿಸಿ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅತ್ತಾಗ ಮಾತ್ರವಲ್ಲದೆ ಸುಮ್ಮನಿದ್ದಾಗಲೂ ಹೆಚ್ಚು ಹೊತ್ತು ಹೊತ್ತುಕೊಂಡ ಕೂಸುಗಳು ಆರು ವಾರದ ವಯಸ್ಸಿನಲ್ಲಿ ಉಳಿದವಕ್ಕಿಂತ ಶೇ 43ರಷ್ಟು ಕಡಿಮೆ ಅತ್ತವು. ಗಮನಿಸಬೇಕಾದದ್ದು ‘ಹೆಚ್ಚು ಹೊತ್ತು’ ಎಂಬ ಮಾತು. ಫಲ ಕೊಟ್ಟದ್ದು ಬಕಲಲ್ಲ, ಗಂಟೆಗಳು. ಆ ಗಂಟೆಗಳು ಯಾರ ಲೆಕ್ಕಕ್ಕೆ ಬೀಳುತ್ತವೆ? ಫೋಟೊ ತೆಗೆಯುವ ಐದು ನಿಮಿಷ ಅಳಿಯನದು. ಉಳಿದ ದಿನವೆಲ್ಲ ಬಾಣಂತಿಯದು, ಅಜ್ಜಿಯದು, ಶಾಲೆ ಬಿಟ್ಟು ಬಂದ ಚಿಕ್ಕಮ್ಮನದು. ಆತ ಬೆಲ್ಟನ್ನು ಜೀನ್ಸ್ ಪ್ಯಾಂಟಿನ ಮೇಲೆ ಅಳತೆ ಮಾಡಿದ್ದಾನೆ. ಹೊರಬೇಕಾದವಳು ಸೀರೆಯ ನಿರಿಗೆ ಮೇಲೆ ಕಟ್ಟಬೇಕು; ಸಿಸೇರಿಯನ್ ಆಗಿದ್ದರೆ ಅದೇ ಅಗಲದ ಬೆಲ್ಟು ಹಸಿ ಹೊಲಿಗೆಯ ಮೇಲೆಯೇ ಒತ್ತುತ್ತದೆ. ಅಂಥವಳಿಗೆ ಭುಜದಿಂದ ಇಳಿಬಿಟ್ಟ ಬಟ್ಟೆ ಹಿತ. ಈ ಮಾತು ಹೋಲಿಕೆಪಟ್ಟಿಯಲ್ಲಿ ಸಿಗುವುದಿಲ್ಲ, ಕೇಳಿದರೆ ಸಿಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಕಟ್ಟೆಯ ಮೇಲಿನ ಹಿರಿಯರದು: ‘ನಮ್ಮವ್ವ ಏಳು ಮಕ್ಕಳ್ನ ಬರೇ ಬಗಲಾಗ ಸಾಕ್ಯಾಳ, ಯಾವ ಬೆಲ್ಟಿತ್ತು?’ ನಿಜ. ಆದರೆ ಅದೇ ಅವ್ವ ಸಂಜೆಗೆ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡದ್ದು ಕಟ್ಟೆಯವರೆಗೆ ಸುದ್ದಿಯಾಗಲಿಲ್ಲ. ಎಲ್ಲ ಭಾರವನ್ನೂ ಒಂದೇ ಬದಿಗೆ ಹಾಕಿ, ಒಂದು ಕೈಯನ್ನು ಅದಕ್ಕೇ ಮೀಸಲಿಟ್ಟು ದುಡಿಯುವುದು ಸಹನೆಯೇ ಹೊರತು ಸುಖವಲ್ಲ. ಎರಡು ಭುಜ ಮತ್ತು ಸೊಂಟದ ನಡುವೆ ಭಾರ ಹಂಚುವ ಬೆಲ್ಟು ಸೊಕ್ಕಿನ ಸಾಮಾನಲ್ಲ. ಎರಡನೆಯ ಆಕ್ಷೇಪ ಅಳಿಯನದೇ: ‘ಇದು ಫಾರಿನ್ ಡಿಸೈನ್, ದುಬಾರಿ, ಅಂದ್ರ ಚಲೋನ ಇರ್ತದ.’ ಅದರ ಮೂಲ ತಿಳಿದರೆ ಆತ ತುಸು ಮೆತ್ತಗಾಗಬಹುದು. ಆನ್ ಮೂರ್ ಎಂಬ ಅಮೆರಿಕನ್ ನರ್ಸ್ 1960ರ ದಶಕದಲ್ಲಿ ಆಫ್ರಿಕಾದ ಟೋಗೋ ದೇಶದಲ್ಲಿ ಕೆಲಸ ಮಾಡಿದಳು. ಅಲ್ಲಿನ ತಾಯಂದಿರು ಬಟ್ಟೆಯಲ್ಲಿ ಕೂಸು ಕಟ್ಟಿಕೊಳ್ಳುವುದನ್ನು ನೋಡಿದ್ದಳು. ತನ್ನ ಕೂಸಿಗೂ ಅಂಥದ್ದೇ ಮಾಡಿಕೊಂಡು, 1969ರಲ್ಲಿ ‘ಸ್ನಗ್ಲಿ’ ಎಂಬ ಹೆಸರಿನ ಆ ಚೀಲಕ್ಕೆ ಪೇಟೆಂಟ್ ಪಡೆದಳು. ಹಳ್ಳಿಯ ಸೆರಗು ವಿಮಾನ ಹತ್ತಿ ಹೋಗಿ, ಪೆಟ್ಟಿಗೆಯೊಳಗೆ ಕೂತು, ಬೆಲೆಚೀಟಿ ಅಂಟಿಸಿಕೊಂಡು ಹಳ್ಳಿಗೇ ಮರಳಿದೆ.

ಮತ್ತೆ ಊರಿನ ಹವೆಯನ್ನೂ ಕೇಳಬೇಕು. ಚಳಿದೇಶದವರಿಗಾಗಿ ಹೊಲಿದ ದಪ್ಪ ಮೆತ್ತೆಯ ಕ್ಯಾರಿಯರ್ ಆಳಂದ, ಅಫಜಲಪುರ, ಜೇವರ್ಗಿಯ 40 ಡಿಗ್ರಿ ದಾಟುವ ಬಿಸಿಲಲ್ಲಿ ಕೌದಿ ಹೊದ್ದು ಒಲೆ ಮುಂದೆ ಕೂತಂತೆ. ಹೊರುವವರ ಮೈಬಿಸಿಯೂ ಕೂಸಿನದೇ ಲೆಕ್ಕಕ್ಕೆ ಸೇರುತ್ತದೆ. ತೆಳು ಹತ್ತಿ ಬಟ್ಟೆಯೇ ಇಲ್ಲಿಯ ಉತ್ತರ; ರೇಷ್ಮೆ ಜಾರುತ್ತದೆ, ಗಂಟು ನಿಲ್ಲುವುದಿಲ್ಲ. ಬಸ್ಸನ್ನೂ ಮರೆಯುವಂತಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಸೀಟಿಗೆ ಟವೆಲ್ ಹಾಕುವ ವಿದ್ಯೆ ಗೊತ್ತಿಲ್ಲದವರು ನಿಂತೇ ಹೋಗಬೇಕು. ಒಂದು ಕೈ ಕಂಬಿಗೆ, ಒಂದು ಕೈ ಚೀಲಕ್ಕೆ ಹೋದರೆ ಕೂಸಿಗೆ ಮೂರನೆಯ ಕೈ ಎಲ್ಲಿದೆ? ಗಾಣಗಾಪುರಕ್ಕೆ ಹೊರಟ ಬಸ್ಸಿನಲ್ಲಿ ಎದೆಗೆ ಕಟ್ಟಿದ ಬಟ್ಟೆಯೇ ಆ ಮೂರನೆಯ ಕೈ. ಆದರೆ ಅದೇ ಧೈರ್ಯದಲ್ಲಿ ಕೂಸನ್ನು ಎದೆಗೆ ಕಟ್ಟಿಕೊಂಡು ಮೋಟರ್‌ಸೈಕಲ್ ಏರುವುದು ಮಾತ್ರ ಬೇಡ. ಬಿದ್ದರೆ ಅಪ್ಪನ ಭಾರವೂ ಕೂಸಿನ ಮೇಲೆಯೇ.

ಇಷ್ಟೆಲ್ಲ ಹೇಳಿದ ಮೇಲೂ ಬೆಲ್ಟಿನ ಪರವಾಗಿ ಒಂದು ದೊಡ್ಡ ಮಾತು ಉಳಿಯುತ್ತದೆ. ಗಂಡಸು ಬಗಲಲ್ಲಿ ಕೂಸು ಇಟ್ಟುಕೊಂಡು ಓಣಿ ದಾಟಿದರೆ ‘ಹೆಂಡ್ತಿ ಎಲ್ಲಿ ಹೋಗ್ಯಾಳ್ರಿ?’ ಎಂದು ನಾಲ್ಕು ಮಂದಿ ಕೇಳುತ್ತಾರೆ. ಅದೇ ಕೂಸನ್ನು ನಾಲ್ಕು ಬೆಲ್ಟು ಹಾಕಿ ಎದೆಗೆ ಬಿಗಿದರೆ ಅದು ಯಂತ್ರದ ಕೆಲಸವಾಗಿ ಕಾಣುತ್ತದೆ, ಯಂತ್ರಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. ಕಡಿಮೆ ತೂಕದ ಕೂಸನ್ನು ಬರಿ ಎದೆಗೆ ಒತ್ತಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಹುಟ್ಟಿ, ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳವರೆಗೂ ಬಂದಿದೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ಎದೆ. ಅದು ಅಪ್ಪನದಾದರೂ ನಡೆಯುತ್ತದೆ. ಅಳಿಯನ ಪೆಟ್ಟಿಗೆ ಅವನ ಎದೆಗೆ ದಿನಕ್ಕೆ ಎರಡು ತಾಸು ಕೂಸನ್ನು ತಂದುಕೊಟ್ಟರೆ ಕೊಟ್ಟ ದುಡ್ಡು ದಂಡವಲ್ಲ. ತೊಟ್ಟಿಲ ಕಾರ್ಯದ ಮರುದಿನ ಅದು ಗೂಟಕ್ಕೇರಿ, ಬರಬರುತ್ತ ಉಳ್ಳಾಗಡ್ಡಿ ತುಂಬುವ ಚೀಲವಾದರೆ ಮಾತ್ರ ದಂಡ.

ಆದ್ದರಿಂದ ಕೊಳ್ಳುವವರಿಗೆ ಒಂದೇ ಮಾತು. ಹೋಲಿಕೆಪಟ್ಟಿ ಮುಚ್ಚಿಡಿ. ಕೂಸು ಹೊರುವವರನ್ನೇ ಅಂಗಡಿಗೆ ಕರೆದೊಯ್ಯಿರಿ, ಇಲ್ಲವೇ ತರಿಸಿದ್ದನ್ನು ಅವರ ಸೀರೆಯ ಮೇಲೆಯೇ ಕಟ್ಟಿ ನೋಡಿ. ಕೂಸನ್ನು ಹಾಕುವ ಮುಂಚೆ ಐದು ಕಿಲೊ ತೊಗರಿಬೇಳೆಯ ಚೀಲ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿಬನ್ನಿ. ಭುಜ ಕೊರೆಯದೆ, ಸೊಂಟ ಹಿಡಿಯದೆ, ಬೆನ್ನು ತೊಯ್ಯದೆ ಮರಳಿದರೆ ಇಟ್ಟುಕೊಳ್ಳಿ. ಇಲ್ಲವಾದರೆ ಬೆಲ್ಟನ್ನು ಹಿಂದಿರುಗಿಸಿ, ಬೇಳೆಯನ್ನು ಅಡಿಗೆಮನೆಗೆ ಕೊಡಿ.