ಮ್ಯಾನೇಜರು ಮುಖ ಓದುತ್ತಾರೆ

ಇಸ್ಪೀಟು ಹಿಡಿದು ಐದಾರು ಜನ ಕೂತರೆ ಅವರಲ್ಲಿ ಒಬ್ಬರಿಗೆ ಎಲೆಯ ಮೇಲೆ ಗಮನವೇ ಇರುವುದಿಲ್ಲ. ಬಂದ ಮೂರು ಎಲೆಗಳನ್ನು ಒಮ್ಮೆ ಇಣುಕಿ ನೋಡಿ ಬೋರಲು ಹಾಕಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎದುರಿಗಿರುವವರ ಮುಖವನ್ನೇ ನೋಡುತ್ತ ಕೂರುತ್ತಾರೆ. ‘ಆಡೋದು ಎಲೆ ಜೊತೆ ಅಲ್ಲ ಕಣ್ರೀ, ಮನುಷ್ಯರ ಜೊತೆ’ ಎನ್ನುವುದು ಅವರ ಸಿದ್ಧಾಂತ. ಜೇಬು ಖಾಲಿ ಮಾಡಿಕೊಂಡು ಎದ್ದಾಗಲೂ ಆ ಸಿದ್ಧಾಂತಕ್ಕೆ ಧಕ್ಕೆ ಬಂದಿರುವುದಿಲ್ಲ.

ಈ ಪಂಗಡದವರು ಎಲ್ಲ ಊರಿನಲ್ಲೂ ಇದ್ದಾರೆ. ನಮ್ಮ ಊರಿನ ಪಾಲಿಗೆ ಬಂದವರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಾಲ ಕೇಳಲು ಬಂದವರ ಮುಖ ನೋಡಿ ನೋಡಿಯೇ ಈ ವಿದ್ಯೆ ಕೈಗೆ ಹತ್ತಿತು ಎನ್ನುತ್ತಾರೆ. ಹಾಗೆ ಮುಖ ನೋಡಿ ಮಂಜೂರು ಮಾಡಿದ ಸಾಲಗಳಲ್ಲಿ ಕೆಲವನ್ನು ಬ್ಯಾಂಕು ಈಗಲೂ ಹುಡುಕುತ್ತಿದೆ ಎಂದು ಅವರ ಜೊತೆಗಿದ್ದ ಗುಮಾಸ್ತರು ಹೇಳುವುದುಂಟು. ಗುಮಾಸ್ತರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಊರಿನಲ್ಲಿ ಹೆಣ್ಣು ನೋಡಲು ಬಂದ ಗಂಡುಗಳನ್ನೂ ಚುನಾವಣೆಗೆ ನಿಂತವರನ್ನೂ ಮ್ಯಾನೇಜರು ಇದೇ ಕನ್ನಡಕದ ಮೇಲಿಂದ ಪರೀಕ್ಷಿಸಿದ್ದಾರೆ. ಆದರೆ ಅವರ ವಿದ್ಯೆಗೆ ಪೂರ್ತಿ ಅವಕಾಶ ಸಿಗುವುದು ಯುಗಾದಿಯ ಆಸುಪಾಸಿನಲ್ಲಿ.

ಮಂಡ್ಯ, ಮೈಸೂರು, ಹಾಸನದ ಕಡೆ ಯುಗಾದಿ ಎಂದರೆ ಬೇವು ಬೆಲ್ಲ ಎಷ್ಟೋ ಇಸ್ಪೀಟೂ ಅಷ್ಟೆ. ವರ್ಷದ ತೊಡಕಿನ ದಿನ ಬಾಡೂಟ ಮಾಡಿದವರು ಕೈ ತೊಳೆದುಕೊಂಡು ನೇರ ಎಲೆ ಕಲಸಲು ಕೂರುತ್ತಾರೆ. ವರ್ಷವೆಲ್ಲ ಕ್ಲಬ್ಬಿನಲ್ಲಿ ಸಭ್ಯವಾಗಿ ರಮ್ಮಿ ಆಡುವ ನಮ್ಮ ಮಂಡಳಿಯೂ ಆ ದಿನಗಳಲ್ಲಿ ಯಾರದಾದರೂ ಮನೆಯ ಜಗಲಿಗೆ ಬಂದು ಮೂರೆಲೆಗೆ ಇಳಿಯುತ್ತದೆ. ಪಣಕ್ಕೆ ಹುಣಸೆ ಬೀಜ. ಒಂದು ಬೀಜಕ್ಕೆ ಎಷ್ಟು ಎಂದು ನಾನು ಇಲ್ಲಿ ಬರೆಯಲಾರೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದಾದರೂ ಇನ್ನೂ ಜಾರಿಯಲ್ಲಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಕೌಶಲವೇ ಮುಖ್ಯ, ಫ್ಲಷ್ಷು, ಬ್ರ್ಯಾಗು ಎಂದೆಲ್ಲ ಕರೆಯುವ ಮೂರೆಲೆ ಮಾತ್ರ ಬರೀ ಅದೃಷ್ಟದಾಟ ಎಂದಿತ್ತು. ಇದನ್ನು ನೆನೆದಾಗಲೆಲ್ಲ ಮ್ಯಾನೇಜರಿಗೆ ನೋವಾಗುತ್ತದೆ. ‘ಜಡ್ಜ್ ಸಾಹೇಬ್ರು ಒಂದು ಸಂಜೆ ನನ್ನ ಪಕ್ಕ ಕೂತಿದ್ರೆ ಹಂಗೆ ಬರೀತಿರ್ಲಿಲ್ಲ’ ಎನ್ನುತ್ತಾರೆ. ಅವರು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದರೆ ಜಡ್ಜ್ ಸಾಹೇಬರು ಅದೃಷ್ಟಕ್ಕೂ ಜಾಗ ಬಿಡುತ್ತಿದ್ದರೋ ಇಲ್ಲವೋ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಮೂರು ಮೂರು ಎಲೆ ಹಂಚುತ್ತಾರೆ. ಎಲೆ ಚೆನ್ನಾಗಿದೆ ಎನಿಸಿದವರು ಬೀಜ ಹಾಕುತ್ತ ಹೋಗುತ್ತಾರೆ, ಅಂಜಿದವರು ಪ್ಯಾಕ್ ಎಂದು ಎಲೆ ಎಸೆಯುತ್ತಾರೆ. ಎಲೆ ನೋಡದೆಯೇ ಆಡುವವರು ಬ್ಲೈಂಡು. ಅವರು ಹಾಕಿದ್ದಕ್ಕೆ ನೋಡಿದವರು ಎರಡರಷ್ಟು ಹಾಕಬೇಕು. ಕೊನೆಗೆ ಇಬ್ಬರು ಉಳಿದಾಗ ಒಬ್ಬರು ದುಡ್ಡು ಕಟ್ಟಿ ಶೋ ಕೇಳಬಹುದು. ಯಾರೂ ಕೇಳದೆ ಎಲ್ಲರೂ ಪ್ಯಾಕ್ ಆದರೆ ಗೆದ್ದವರು ತಮ್ಮ ಎಲೆ ತೋರಿಸಬೇಕಾಗಿಲ್ಲ. ಮ್ಯಾನೇಜರ ಸಕಲ ಸಂಕಟಗಳ ಮೂಲ ಈ ಕೊನೆಯ ನಿಯಮ.

ಮೂರೆಲೆಯಲ್ಲಿ ಬುರುಡೆ ಎಷ್ಟು ಸಹಜ ಎಂಬುದಕ್ಕೆ ಲೆಕ್ಕವೇ ಇದೆ. 52 ಎಲೆಗಳಿಂದ ಮೂರು ಎಲೆ ಬರುವ ರೀತಿಗಳು 22,100. ಅವುಗಳಲ್ಲಿ 16,440ರಲ್ಲಿ ಒಂದು ಜೋಡಿಯೂ ಇರುವುದಿಲ್ಲ. ಅಂದರೆ ನಾಲ್ಕರಲ್ಲಿ ಸುಮಾರು ಮೂರು ಸಲ ಕೈಯಲ್ಲಿರುವುದು ಕಸ. ಕಣ್ಣು ಮುಚ್ಚಿಕೊಂಡು ‘ನಿನ್ನ ಹತ್ರ ಏನೂ ಇಲ್ಲ’ ಎಂದರೂ ಮುಕ್ಕಾಲು ಪಾಲು ನಿಜವಾಗುವ ಆಟ ಇದು. ಆಮೇಲೂ ಬೀಜ ಹಾಕುತ್ತಲೇ ಇರುವವನ ಕೈ ಆ ಮುಕ್ಕಾಲು ಪಾಲಿಗೆ ಸೇರಿದ್ದೋ ಎಂಬುದು ಬೇರೆ ಪ್ರಶ್ನೆ. ಮ್ಯಾನೇಜರು ಮೊದಲನೆಯದರಲ್ಲಿ ಕೀರ್ತಿ ಗಳಿಸಿ ಎರಡನೆಯದರಲ್ಲಿ ಬೀಜ ಕಳೆಯುತ್ತಾರೆ.

ಮೊದಮೊದಲು ಅವರ ಶಾಸ್ತ್ರ ಸರಳವಾಗಿತ್ತು. ಮೂಗು ಕೆರೆದುಕೊಂಡವನು ಸುಳ್ಳ, ನೀರು ಕೇಳಿದವನು ಸುಳ್ಳ, ಜೋರಾಗಿ ನಕ್ಕವನು ಮಹಾ ಸುಳ್ಳ. ಅಷ್ಟರಲ್ಲಿ ಅಮೆರಿಕದಲ್ಲಿರುವ ಅಳಿಯ ಬರುವಾಗ ಮೈಕ್ ಕ್ಯಾರೋ ಎಂಬಾತನ ಪುಸ್ತಕ ತಂದುಕೊಟ್ಟ. ಪೋಕರ್ ಆಡುವವರ ಹಾವಭಾವದ ಬಗ್ಗೆ 1984ರಲ್ಲಿ ಬಂದದ್ದು, ತುಂಬ ಫೋಟೋಗಳಿರುವ ಪುಸ್ತಕ. ಅದರ ತಿರುಳು ಇಷ್ಟೆ: ಆಟಗಾರ ನಟಿಸುತ್ತಿದ್ದಾನೆ ಎಂದು ಗೊತ್ತಾದರೆ ಅವನು ತೋರಿಸುವುದರ ಉಲ್ಟಾ ಹಿಡಿಯಿರಿ. ನಿಟ್ಟುಸಿರು ಬಿಟ್ಟು ಭುಜ ಕುಗ್ಗಿಸಿ ಹಾಕಿದರೆ ಎಲೆ ಭಾರಿ. ಎದೆ ಸೆಟೆದು ರಪ್ಪನೆ ಹಾಕಿದರೆ ಎಲೆ ಟೊಳ್ಳು. ಪುಸ್ತಕ ಒಳ್ಳೆಯದೇ. ಆದರೆ ಮ್ಯಾನೇಜರು ಒಂದು ಉಲ್ಟಾಕ್ಕೆ ನಿಲ್ಲಲಿಲ್ಲ. ‘ಇವನು ನಿಟ್ಟುಸಿರು ಬಿಟ್ಟ, ಅಂದ್ರೆ ಎಲೆ ಇದೆ. ಆದ್ರೆ ನಾನು ಪುಸ್ತಕ ಓದಿದೀನಿ ಅಂತ ಇವನಿಗೆ ಗೊತ್ತು, ಅಂದ್ರೆ ಎಲೆ ಇಲ್ಲ.’ ಹೀಗೆ ಮಗುಚುತ್ತ ಹೋದರೆ ಎಲ್ಲಿ ನಿಲ್ಲಿಸಬೇಕು? ಬೀಜ ಹಾಕಬೇಕು ಎಂಬ ತೀರ್ಮಾನ ಬಂದ ಕಡೆ ನಿಲ್ಲಿಸುತ್ತಾರೆ.

ಕೈ ನಡುಗಿದರೆ ಅದು ಹೆದರಿಕೆಯಲ್ಲ, ದೊಡ್ಡ ಎಲೆ ಬಂದ ಉದ್ವೇಗ ಎಂದೂ ಅದೇ ಪುಸ್ತಕ ಹೇಳುತ್ತದೆ. ಇದು ಲಾಸ್ ವೇಗಸ್ಸಿನ ಹುಡುಗರಿಗೆ ಸರಿ. ನಮ್ಮ ಮಂಡಳಿಯಲ್ಲಿ ಅರುವತ್ತು ದಾಟದವರು ಇಲ್ಲವೇ ಇಲ್ಲ. ಕಾಫಿ ಲೋಟ ಹಿಡಿದರೂ ಎಲ್ಲರ ಕೈ ನಡುಗುತ್ತದೆ. ಪುಸ್ತಕ ಓದಿದ ವರ್ಷದ ಯುಗಾದಿಯಲ್ಲಿ ಮ್ಯಾನೇಜರು ಎರಡು ದಿನ ಎಲ್ಲರಿಗೂ ಹೆದರಿ ಪ್ಯಾಕ್ ಮಾಡಿದರು.

ಮುಖದ ಬಗ್ಗೆ ಇನ್ನೊಂದು ಸಂಗತಿಯನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಬಂದಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2009ರ ವಿಶ್ವ ಪೋಕರ್ ಸರಣಿಯ ವಿಡಿಯೋ ತುಣುಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ, ಆಟಗಾರನ ಎಲೆ ಎಷ್ಟು ಚೆನ್ನಾಗಿದೆ ಊಹಿಸಿ ಎಂದರು. ಬರೀ ಮುಖ ನೋಡಿದವರ ಊಹೆ ನಾಣ್ಯ ಚಿಮ್ಮಿದ್ದಕ್ಕಿಂತ ಕಡೆಯಾಯಿತು. ಬರೀ ತೋಳು, ಅಂದರೆ ಬಿಲ್ಲೆಗಳನ್ನು ತಳ್ಳುವ ಕೈಯ ಚಲನೆ ನೋಡಿದವರು ಪರವಾಗಿಲ್ಲ ಎನ್ನುವಷ್ಟು ಸರಿಯಾಗಿ ಹೇಳಿದರು. 2013ರಲ್ಲಿ ಇದು ಪ್ರಕಟವಾಗಿದೆ. ಮುಖಕ್ಕೆ ಸುಳ್ಳು ಹೇಳಿ ಅಭ್ಯಾಸ. ಮೊಣಕೈಗೆ ಅಷ್ಟು ಲೋಕಾನುಭವ ಇರುವುದಿಲ್ಲ. ಹಾಗೆಂದು ಮ್ಯಾನೇಜರ ಕನ್ನಡಕವನ್ನು ಮೂಗಿನಿಂದ ಮೊಣಕೈ ಕಡೆಗೆ ತಿರುಗಿಸುವವರು ಯಾರು?

ಒಮ್ಮೆ ಮ್ಯಾನೇಜರು ಬೆಂಗಳೂರಿನಲ್ಲಿ ತಮ್ಮ ತಂಗಿಯ ಮಗನ ಫ್ಲ್ಯಾಟಿಗೆ ಹೋದಾಗ ಅಲ್ಲಿ ಶನಿವಾರ ರಾತ್ರಿ ಪೋಕರ್ ನಡೆದಿತ್ತು. ಸಾಫ್ಟ್‌ವೇರ್ ಹುಡುಗರು. ಮನೆಯೊಳಗೆ ಟೋಪಿ, ರಾತ್ರಿ ಹತ್ತು ಗಂಟೆಗೆ ಕಪ್ಪು ಕನ್ನಡಕ, ಕಿವಿಗೆ ಇಯರ್‌ಫೋನು. ಓದಲು ಮುಖ ಎನ್ನುವುದೇ ಉಳಿದಿರಲಿಲ್ಲ. ಒಬ್ಬನ ಗದ್ದ ನೋಡಿಯೇ ಬುರುಡೆ ಎಂದು ತೀರ್ಮಾನಿಸಿ ಮ್ಯಾನೇಜರು ಕೈಲಿದ್ದುದನ್ನೆಲ್ಲ ತಳ್ಳಿದರು. ಅವನ ಹತ್ತಿರ ಫುಲ್ ಹೌಸ್ ಇತ್ತು. ‘ಅಂಕಲ್, ನಾವು ಮುಖ ನೋಡಲ್ಲ. ಮೊದಲಿಂದ ಯಾವ್ಯಾವ ಹಂತದಲ್ಲಿ ಎಷ್ಟೆಷ್ಟು ಹಾಕಿಕೊಂಡು ಬಂದ, ಅದಕ್ಕೂ ಈಗ ಹಾಕಿದ್ದಕ್ಕೂ ತಾಳೆ ಆಗುತ್ತಾ, ಅಷ್ಟೇ ನೋಡೋದು’ ಎಂದು ಅವನು ವಿನಯದಿಂದಲೇ ಹೇಳಿದ. ಕಟ್ಟಿದ ಕಥೆಯಲ್ಲಿ ಎಲ್ಲೋ ಒಂದು ಕಡೆ ಎಳೆ ತಪ್ಪಿರುತ್ತದೆ ಎಂಬ ಈ ಮಾತು ಬ್ಯಾಂಕಿನ ಪಾಸ್‌ಬುಕ್ಕು ನೋಡಿದವರಿಗೆ ಹೊಸದಾಗಬೇಕಿರಲಿಲ್ಲ. ಮ್ಯಾನೇಜರು ಮಾತ್ರ ಊರಿಗೆ ಬಂದವರೇ ‘ಈಗಿನ ಹುಡುಗ್ರಿಗೆ ಮುಖವೇ ಇಲ್ಲ’ ಎಂದುಬಿಟ್ಟರು.

ಅದೇ ಹುಡುಗ ಕ್ರಿಸ್ ಮನಿಮೇಕರ್ ಕಥೆಯನ್ನೂ ಹೇಳಿದನಂತೆ. ಟೆನೆಸೀ ಕಡೆಯ ಲೆಕ್ಕಿಗ. ಹೆಸರು ಅಸಲಿ, ಬುರುಡೆಯಲ್ಲ. 2003ರಲ್ಲಿ ಲಾಸ್ ವೇಗಸ್ಸಿನ ವಿಶ್ವ ಪೋಕರ್ ಅಂತಿಮ ಪಂದ್ಯದಲ್ಲಿ ಸ್ಯಾಮಿ ಫರ್ಹಾ ಎಂಬ ಪಳಗಿದ ಆಟಗಾರನ ಎದುರು ಕೈಯಲ್ಲಿ ಏನೂ ಇಲ್ಲದೆ ಇದ್ದುದನ್ನೆಲ್ಲ ನಡುವೆ ತಳ್ಳಿದ. ನಿನಗೆ ಬೇಕಾದ ಎಲೆ ಬರಲಿಲ್ಲ, ಅಲ್ಲವಾ ಎಂಬರ್ಥದ ಮಾತನ್ನು ಫರ್ಹಾ ಬಾಯಿಬಿಟ್ಟು ಆಡಿದ. ಊಹೆ ಅಕ್ಷರಶಃ ಸರಿ. ಆದರೂ ಒಂಬತ್ತರ ಜೋಡಿ ಇದ್ದ ತನ್ನ ಎಲೆಗಳನ್ನು ಎಸೆದುಬಿಟ್ಟ. ಲೆಕ್ಕಿಗ 25 ಲಕ್ಷ ಡಾಲರ್ ತೆಗೆದುಕೊಂಡು ಹೋದ. ಗೊತ್ತಾಗುವುದು ಒಂದು, ಗೊತ್ತಾದದ್ದಕ್ಕೆ ದುಡ್ಡು ಹಾಕುವುದು ಇನ್ನೊಂದು. ಮ್ಯಾನೇಜರು ಇದರ ತದ್ವಿರುದ್ಧ ತುದಿಯಲ್ಲಿ ನಿಂತವರು. ಗೊತ್ತಾಗದಿದ್ದರೂ ದುಡ್ಡು ಹಾಕುತ್ತಾರೆ.

ಯಾಕೆ ಎಂದು ನಾನು ಯೋಚಿಸಿದ್ದೇನೆ. ಅವರಿಗೆ ಗೆಲ್ಲುವ ಆಸೆ ಹೆಚ್ಚಿಲ್ಲ. ನಡುವೆ ಮುನ್ನೂರು ಬೀಜ ಬಿದ್ದಿದೆ, ಶೋಗೆ ನೂರು ಬೇಕು ಎನ್ನಿ. ಇಂಥ ಸಂದರ್ಭದಲ್ಲಿ ನಾಲ್ಕು ಸಲ ನೋಡಿ ಮೂರು ಸಲ ಸೋತರೂ ಒಂದು ಗೆಲುವು ನಷ್ಟವನ್ನೆಲ್ಲ ತುಂಬಿಕೊಡುತ್ತದೆ. ನಡುವೆ ಬರೀ ಐವತ್ತಿದ್ದು ಕೇಳುವುದು ನೂರಾದರೆ ಮೂರರಲ್ಲಿ ಎರಡು ಸಲ ಗೆದ್ದರೂ ಗಂಟು ಅಲ್ಲಿಗಲ್ಲಿಗೇ. ಬಡ್ಡಿ ಲೆಕ್ಕದಲ್ಲಿ ಜನ್ಮ ಸವೆಸಿದವರಿಗೆ ಇದು ಬೆರಳೆಣಿಕೆ. ಅವರು ಎಣಿಸುವುದೇ ಇಲ್ಲ. ಎದುರಿನವನು ಎಲೆ ತೋರಿಸದೆ ಬೀಜ ಬಾಚಿಕೊಂಡುಬಿಟ್ಟರೆ, ‘ಅವನ ಹತ್ರ ಏನಿತ್ತು?’ ಎಂಬ ಪ್ರಶ್ನೆ ಹೊತ್ತು ಆ ರಾತ್ರಿ ಮಲಗಬೇಕಲ್ಲ, ಅದಕ್ಕೆ ಅವರು ತಯಾರಿಲ್ಲ. ಅವರು ಶೋಗೆ ಕಟ್ಟುವುದು ನಿದ್ದೆಯ ಬಾಬ್ತು.

ನಮ್ಮ ಮಂಡಳಿಯ ಔಷಧಿ ಅಂಗಡಿಯವರು ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡರು. ಬುರುಡೆ ಬಿಡುವುದು ಕೆಟ್ಟ ಎಲೆಯಲ್ಲಿ ಗೆಲ್ಲುವುದಕ್ಕೆ ಮಾತ್ರವಲ್ಲ, ಆಗೊಮ್ಮೆ ಈಗೊಮ್ಮೆ ಸಿಕ್ಕಿಬಿದ್ದು ಮುಂದೆ ಒಳ್ಳೆಯ ಎಲೆ ಬಂದಾಗ ಎದುರಿನವನು ಅನುಮಾನದಿಂದ ದುಡ್ಡು ಹಾಕುವಂತೆ ಮಾಡುವುದಕ್ಕೂ ಇದೆ ಎಂಬ ವಿಚಾರ ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ 1944ರಲ್ಲಿ ಬರೆದ ದಪ್ಪ ಪುಸ್ತಕದಲ್ಲಿದೆ. ಪೋಕರನ್ನು ಇಟ್ಟುಕೊಂಡೇ ಲೆಕ್ಕ ಮಾಡಿ ತೋರಿಸಿದ್ದಾರೆ. ಔಷಧಿ ಅಂಗಡಿಯವರು ಅದನ್ನು ಓದಿಲ್ಲ. ಸಂಜೆ ಶುರುವಾಗುತ್ತಿದ್ದಂತೆ ಹತ್ತು ಬೀಜದ ಆಟದಲ್ಲಿ ಕಸ ಎಲೆ ಹಿಡಿದು ಸಿಕ್ಕಿಬಿದ್ದು, ನಾಲಿಗೆ ಕಚ್ಚಿಕೊಂಡು ‘ಹೆಂಗ್ ಸಾರ್ ಗೊತ್ತಾಯ್ತು?’ ಎನ್ನುತ್ತಾರೆ. ಮ್ಯಾನೇಜರು ಕನ್ನಡಕ ಒರೆಸಿಕೊಳ್ಳುತ್ತಾರೆ. ಒಂಬತ್ತು ಗಂಟೆಯ ಹೊತ್ತಿಗೆ ಔಷಧಿ ಅಂಗಡಿಯವರ ಮುಂದೆ ಬೀಜದ ರಾಶಿ.

ಮಂಡಳಿಯ ಉಳಿದವರು ಅಷ್ಟು ಕ್ರೂರಿಗಳಲ್ಲ. ಮ್ಯಾನೇಜರು ಪ್ಯಾಕ್ ಆದ ಮೇಲೆ ಎಲೆ ಗಂಟಿಗೆ ಸೇರಿಸುತ್ತ ‘ಏನೂ ಇರ್ಲಿಲ್ಲ ಸಾರ್, ನೀವು ಹೇಳಿದ್ದೇ ಸರಿ’ ಎಂದುಬಿಡುತ್ತಾರೆ. ಕೈಯಲ್ಲಿ ಮೂರು ಎಕ್ಕ ಇದ್ದರೂ ಹಾಗೇ ಹೇಳುತ್ತಾರೆ. ಈ ಸುಳ್ಳನ್ನು ಮ್ಯಾನೇಜರು ಇದುವರೆಗೆ ಒಮ್ಮೆಯೂ ಹಿಡಿದದ್ದಿಲ್ಲ.

ಹೋದ ಯುಗಾದಿಯ ಆಟ ನಮ್ಮ ದೊಡ್ಡಮ್ಮನ ಜಗಲಿಯಲ್ಲಿ. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಕಾಲು ಚಾಚಿ ಕೂತು, ಮೂರೆಲೆಯನ್ನು ಎಲೆಅಡಿಕೆ ತಟ್ಟೆಯ ಕೆಳಗೆ ತಳ್ಳಿ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತ ಬೀಜ ಹಾಕುತ್ತಿದ್ದರು. ಒಬ್ಬೊಬ್ಬರೇ ಪ್ಯಾಕ್ ಆಗಿ ಮ್ಯಾನೇಜರೂ ದೊಡ್ಡಮ್ಮನೂ ಉಳಿದರು. ಮ್ಯಾನೇಜರ ಹತ್ತಿರ ರಾಣಿ ಜೋಡಿ. ಎದುರಿಗೆ ಯಾವ ಮೂರೆಲೆ ಬಂದರೂ ಹತ್ತರಲ್ಲಿ ಒಂಬತ್ತು ಸಲ ಸಾಕಾಗುವ ಎಲೆ.

ದೊಡ್ಡಮ್ಮ ಐದು ಹಾಕಿದರು. ಮ್ಯಾನೇಜರು ಹತ್ತು ಹಾಕಿದರು. ದೊಡ್ಡಮ್ಮ ಆಕಳಿಸಿದರು, ಹತ್ತು ಹಾಕಿದರು. ಮ್ಯಾನೇಜರು ಇಪ್ಪತ್ತು ಹಾಕಿ ಮುಖ ನೋಡತೊಡಗಿದರು. ಹುಬ್ಬು ಅಲುಗಲಿಲ್ಲ. ಅಡಕತ್ತರಿ ಒಂದೇ ಹದದಲ್ಲಿ ಕಟಕ್ ಕಟಕ್ ಎನ್ನುತ್ತಿತ್ತು. ಆಕಳಿಕೆ, ಅಲಕ್ಷ್ಯ, ಕ್ಯಾರೋ ಸಾಹೇಬನ ಪುಸ್ತಕದ ಫೋಟೋಗಳು, ಎಲ್ಲ ಅವರ ತಲೆಯಲ್ಲಿ ಒಂದಾಗಿರಬೇಕು. ದೊಡ್ಡಮ್ಮ ಮತ್ತೆ ಇಪ್ಪತ್ತು ತಳ್ಳಿದ ಕೂಡಲೇ ‘ಮೂರೂ ಒಂದೇ ಜಾತಿ ಎಲೆ ಬಂದಿದೆ ನಿಮಗೆ ದೊಡ್ಡಮ್ಮ. ಈ ನೆಮ್ಮದಿ ನೋಡಿದ್ರೆ ಗೊತ್ತಾಗಲ್ವಾ? ನಾನು ಪ್ಯಾಕ್’ ಎಂದು ರಾಣಿಯರನ್ನು ಎಸೆದರು.

‘ಹಂಗಾ? ನಾನಿನ್ನೂ ನೋಡೇ ಇಲ್ವಲ್ಲಪ್ಪಾ ಮ್ಯಾನೇಜ್ರೇ, ಬ್ಲೈಂಡು’ ಎಂದ ದೊಡ್ಡಮ್ಮ ತಟ್ಟೆ ಎತ್ತಿ ಎಲೆ ತಿರುವಿದರು. ಇಸ್ಪೀಟು ಏಳು, ಕಳಾವರ್ ನಾಲ್ಕು, ಆಟೀನ್ ಎರಡು.

ಜಗಲಿ ತುಂಬ ನಗು. ಮ್ಯಾನೇಜರು ಮಾತ್ರ ನಗಲಿಲ್ಲ. ‘ಅದಕ್ಕೇ ಮತ್ತೆ, ಮುಖದಲ್ಲಿ ಏನೂ ಕಾಣ್ಲಿಲ್ಲ’ ಎಂದರು.

ಆಮೇಲೆ ಒಂದು ತಿಂಗಳು ಅವರು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಇಸ್ಪೀಟು ಬಿಟ್ಟೆ, ಇನ್ನು ಮೇಲೆ ಭಗವದ್ಗೀತೆ ಎಂದು ಹೇಳಿ ಕಳಿಸಿದರು. ಮಂಡಳಿಗೆ ಗಾಬರಿಯಾಯಿತು. ಔಷಧಿ ಅಂಗಡಿಯವರಿಗಂತೂ ಆದಾಯದ ಪ್ರಶ್ನೆ. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಅವರ ಮನೆಗೆ ಹೋದೆವು. ‘ನೀವಿಲ್ದೆ ಆಟಕ್ಕೆ ಕಳೇನೇ ಇಲ್ಲ ಸಾರ್. ಬುರುಡೆ ಬಿಡೋರಿಗೆ ಹೆದರಿಕೇನೇ ಹೋಗಿಬಿಟ್ಟಿದೆ. ನಿಮ್ಮ ಕಣ್ಣು ತಪ್ಪಿಸಿ ಆಡೋಕೆ ಯಾರಿಗೆ ಆಗುತ್ತೆ ಹೇಳಿ’ ಎಂದು ಔಷಧಿ ಅಂಗಡಿಯವರು ಗದ್ಗದರಾದರು. ಉಳಿದವರು ತಲೆ ತಗ್ಗಿಸಿ ನಿಂತಿದ್ದರು.

ಮ್ಯಾನೇಜರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಒಬ್ಬೊಬ್ಬರ ಮುಖವನ್ನೂ ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿಕೊಂಡು ಬಂದರು.

‘ಸುಳ್ಳು ಹೇಳ್ತಿಲ್ಲ ನೀವು. ನನಗೆ ಗೊತ್ತಾಗುತ್ತೆ’ ಎಂದವರೇ ಒಳಗೆ ಹೋಗಿ ಶರಟು ಹಾಕಿಕೊಂಡು ಬಂದರು.