ಸಂದಿರಾಯರು

ಗ್ರ್ಯಾಂಡ್ ಕ್ಯಾನಿಯನ್ನಿನೊಳಗೆ ಕೊಲರಾಡೊ ನದಿಯಲ್ಲಿ ಸ್ವಂತವಾಗಿ ದೋಣಿ ಬಿಟ್ಟುಕೊಂಡು ಹೋಗುವ ತಂಡಕ್ಕೆ ಹದಿನಾರು ಜನರ ಮಿತಿ. ಆ ಹದಿನಾರರಲ್ಲಿ ಒಬ್ಬ ಸಂದಿರಾಯ ಇದ್ದೇ ಇರುತ್ತಾನೆ. ಈ ಜಾತಿ ಎಲ್ಲ ದೇಶದಲ್ಲೂ ಹುಟ್ಟುತ್ತದೆ. ನಾನು ಹೇಳಹೊರಟಿರುವುದು ನಮ್ಮ ಪೈಕಿಯವರ ವಿಚಾರ. ಫೀನಿಕ್ಸ್ ಪಕ್ಕದ ಚಾಂಡ್ಲರಿನಲ್ಲಿ ಚಿಪ್ ಕಂಪನಿಯ ನೌಕರಿ, ಐವತ್ತು ದಾಟಿದ ವಯಸ್ಸು, ಮಗಳು ಕಾಲೇಜಿಗೆ ಹೋದ ಮೇಲೆ ಹತ್ತಿಕೊಂಡ ಹುಚ್ಚು. ಮನೆಯಲ್ಲಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಅಂದರೆ ಮಂಡಿ ನೋವು. ಇಲ್ಲಿ ಎರಡು ಬಂಡೆಗಳ ನಡುವೆ ಒಂದು ಮೊಳ ಜಾಗ ಕಂಡರೆ ಸಾಕು, ಮಂಡಿಯೂ ಇಲ್ಲ, ನೋವೂ ಇಲ್ಲ.

ಲೀಸ್ ಫೆರಿಯಲ್ಲಿ ದೋಣಿ ಹತ್ತಿ ಡೈಮಂಡ್ ಕ್ರೀಕಿನಲ್ಲಿ ಇಳಿದರೆ ನದಿಯ ಲೆಕ್ಕದಲ್ಲಿ 226 ಮೈಲಿ, ನಮ್ಮ ಲೆಕ್ಕದಲ್ಲಿ 360 ಕಿಲೋಮೀಟರಿಗೂ ಹೆಚ್ಚು. ಜನ ಬರುವುದು ಆ ನದಿಗಾಗಿ. ಸಂದಿರಾಯರಿಗೆ ನದಿ ಒಂದು ಸಿಟಿ ಬಸ್ಸು. ಅವರ ಸ್ಟಾಪುಗಳು ಪಕ್ಕದಲ್ಲಿ ಸೀಳಿಕೊಂಡಿರುವ ಸಂದಿಗಳು: 29ನೇ ಮೈಲಿಯಲ್ಲಿ ಸಿಲ್ವರ್ ಗ್ರಾಟೊ, 120ರಲ್ಲಿ ಬ್ಲ್ಯಾಕ್‌ಟೇಲ್, 136ರಲ್ಲಿ ಡೀರ್ ಕ್ರೀಕ್, 148ರಲ್ಲಿ ಮಟ್ಕಾಟಮೀಬಾ. ನಡುವೆ ನೀರು ಬಂಡೆಗಳ ಮೇಲೆ ಭೋರ್ಗರೆಯುವ ರ‍್ಯಾಪಿಡ್‌ಗಳು ಬರೀ ರಸ್ತೆ ಹಂಪುಗಳು.

98ನೇ ಮೈಲಿಯ ಕ್ರಿಸ್ಟಲ್ ರ‍್ಯಾಪಿಡ್ ಹತ್ತಿರ ಎಲ್ಲರೂ ದೋಣಿ ಕಟ್ಟಿ, ದಡದ ಮೇಲೆ ಸಾಲಾಗಿ ನಿಂತು, ಯಾವ ಬದಿಯಿಂದ ನುಗ್ಗಿದರೆ ಜೀವ ಉಳಿದೀತು ಅಂತ ನೀರನ್ನೇ ನೋಡುತ್ತಿರುತ್ತಾರೆ. ಹುಟ್ಟು ಹಾಕುವವನ ಬಾಯಿ ಒಣಗಿರುತ್ತದೆ. ಆ ಹೊತ್ತಿಗೆ ರಾಯರು ನದಿಗೆ ಬೆನ್ನು ಹಾಕಿ ನಿಂತಿರುತ್ತಾರೆ, ಕಣ್ಣು ಹಿಂದಿನ ಕೊರಕಲಿನ ಮೇಲೆ. “ಈ ರ‍್ಯಾಪಿಡ್ ಮಾಡಿದ್ದು ನದಿ ಅಲ್ಲ ಸಾರ್, ಆ ಕೊರಕಲು. 1966ರ ಡಿಸೆಂಬರ್ ತನಕ ಇಲ್ಲಿ ಹೇಳಿಕೊಳ್ಳೋವಂಥದ್ದು ಏನೂ ಇರಲಿಲ್ಲ. ಒಂದು ಮಳೆಗೆ ಅಷ್ಟೂ ಬಂಡೆ ತಂದು ಸುರೀತು.” ಮಾತು ನಿಜವೇ. ಇಲ್ಲಿನ ಬಹುಪಾಲು ರ‍್ಯಾಪಿಡ್‌ಗಳು ಪಕ್ಕದ ಕಣಿವೆಗಳು ಉರುಳಿಸಿದ ಕಲ್ಲುಗಳಿಂದಲೇ ಆದವು. ಆದರೆ ಈಗಲೋ ಇನ್ನೊಂದು ಗಳಿಗೆಗೋ ಮಗುಚಿಕೊಳ್ಳಲಿರುವವನಿಗೆ ಭೂಗರ್ಭಶಾಸ್ತ್ರ ಸಮಾಧಾನ ಕೊಡುವುದಿಲ್ಲ.

ರಾಯರನ್ನು ಗುರುತಿಸಬೇಕಾದರೆ ಹಿಂದಿನಿಂದ ನೋಡಬೇಕು. ಪ್ಯಾಂಟಿನ ಆಸನಭಾಗದಲ್ಲಿ ಮೂಲ ಬಟ್ಟೆ ಉಳಿದಿರುವುದಿಲ್ಲ. ಬಂಡೆಯ ಮೇಲಿಂದ ಕೂತು ಜಾರಿ ಜಾರಿ ಅದು ಸವೆದು, ಮೇಲೆ ಬೂದು ಬಣ್ಣದ ಡಕ್ಟ್ ಟೇಪು, ಅದೂ ಸವೆದ ಕಡೆ ರಬ್ಬರ್ ಅಂಟು, ಅಂಟಿನೊಳಗೆ ಸಿಕ್ಕಿಕೊಂಡ ಕೆಂಪು ಮರಳು. ಬೆರಳ ತುದಿಗಳು ಮರಳಿಗೂ ಒಣಹವೆಗೂ ಬಿರುಕು ಬಿಟ್ಟಿರುತ್ತವೆ. ಆ ಬಿರುಕುಗಳಿಗೆ ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಸೂಪರ್ ಗ್ಲೂ ತುಂಬಿಕೊಳ್ಳುತ್ತಾರೆ. ಇದನ್ನು ಅಲ್ಲಿ ಎಲ್ಲರೂ ಮಾಡುತ್ತಾರೆ. ಮಾಡುತ್ತಾ ಮಾಡುತ್ತಾ ನಾಳೆಯ ಸಂದಿಯ ವರ್ಣನೆ ಕೊಡುವವರು ಇವರೊಬ್ಬರೇ.

ಮಟ್ಕಾಟಮೀಬಾಕ್ಕೆ ಬನ್ನಿ. ನದಿಯಿಂದ ದೋಣಿಯನ್ನು ಒಳಗೆ ತಿರುಗಿಸಲು ಇರುವ ಬಾಯಿ ಚಿಕ್ಕದು, ತಪ್ಪಿದರೆ ನೀರು ಮುಂದಕ್ಕೆ ಎಳೆದುಕೊಂಡೇ ಹೋಗುತ್ತದೆ. ಒಳಗೆ ಹೋದರೆ ಬೂದು ಸುಣ್ಣಕಲ್ಲಿನ ಗೋಡೆಗಳು ನುಣ್ಣಗೆ ಬಾಗಿಕೊಂಡು ಹತ್ತಿರ ಹತ್ತಿರ ಬರುತ್ತವೆ. ಕೈ ಚಾಚಿದರೆ ಎರಡೂ ಕಡೆ ಸಿಗುತ್ತವೆ, ಕಾಲಡಿ ಸಣ್ಣ ಹರಿವು. ಕೆಲವು ಕಡೆ ನೆಲಕ್ಕೆ ಕಾಲೂರಲು ಜಾಗವಿಲ್ಲ. ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ ಒತ್ತಿ ಇಂಚಿಂಚೇ ಏರಬೇಕು. “ಬೆನ್ನು ಒತ್ತಿ ಸಾರ್, ಬೆನ್ನು! ಕೈ ನಂಬ್ಕೋಬೇಡಿ!” ಎಂದು ಮೇಲಿನಿಂದ ರಾಯರ ಕೂಗು. ಹೊಟ್ಟೆ ಇರುವವರಿಗೆ ಇಲ್ಲಿ ಒಂದು ಅನುಕೂಲವಿದೆ: ಜಾರಿದರೂ ಪೂರ್ತಿ ಜಾರುವುದಿಲ್ಲ.

ಏರಿದ ಮೇಲೆ ಸಂದಿ ಥಟ್ಟನೆ ಬಿಚ್ಚಿಕೊಂಡು ದೊಡ್ಡ ಕಲ್ಲಿನ ಅಂಗಳ. ತೆಳ್ಳಗೆ ಹರಿಯುವ ನೀರು, ನೆರಳು, ತಂಪು. ಅಷ್ಟು ದೂರ ಬಂದದ್ದಕ್ಕೆ ಸಾರ್ಥಕವಾಯಿತು ಅಂತ ಎಲ್ಲರೂ ಕಾಲು ಚಾಚಿ ಬುತ್ತಿ ಬಿಚ್ಚಿದರೆ, ರಾಯರು ಕೂರುವುದಿಲ್ಲ. ಅಂಗಳದ ಆ ತುದಿಯಲ್ಲಿ ಕಣಿವೆ ಎಡಕ್ಕೆ ತಿರುಗಿದೆಯಲ್ಲ! “ಅಲ್ಲಿಂದಾಚೆ ಏನಿದೆ ನೋಡಿ ಬಂದ್ಬಿಡ್ತೀನಿ, ಐದೇ ನಿಮಿಷ.” ಸಂಜೆ ನಾಲ್ಕಕ್ಕೆ ಬರುತ್ತಾರೆ. ಏನಿತ್ತು ಅಂದರೆ, ಇನ್ನೊಂದು ತಿರುವಿತ್ತು.

ಇವರ ಆರಾಧ್ಯದೈವ ಹಾರ್ವಿ ಬುಚಾರ್ಟ್. ಫ್ಲ್ಯಾಗ್‌ಸ್ಟಾಫಿನಲ್ಲಿ ಗಣಿತದ ಮೇಷ್ಟ್ರು, ರಜೆ ಸಿಕ್ಕಾಗಲೆಲ್ಲ ಈ ಕಣಿವೆಯೊಳಗೆ ನಡೆದು ನಡೆದು ಒಟ್ಟು 12,000 ಮೈಲಿ ಮಾಡಿದವರು, ನದಿ ಅಡ್ಡ ಬಂದರೆ ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗಿ ದಾಟಿದವರು. ಎರಡನೆಯ ದೇವರು ಜಾನ್ ವೆಸ್ಲಿ ಪೊವೆಲ್. 1869ರಲ್ಲಿ ನಾಲ್ಕು ದೋಣಿ, ಹತ್ತು ಜನರ ತಂಡದೊಡನೆ ಮೊದಲ ಸಲ ಈ ಹಾದಿ ಹಿಡಿದವರು. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದರೂ ಕಂಡ ಬಂಡೆ ಹತ್ತುವ ಚಟ. ಗ್ರೀನ್ ನದಿಯ ದಡದಲ್ಲಿ ಒಂದು ಸಲ ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ನೇತಾಡಿದಾಗ, ಮೇಲಿದ್ದ ತಂಡದವನೇ ಆದ ಬ್ರ್ಯಾಡ್ಲಿ ತನ್ನ ಉದ್ದನೆಯ ಒಳಚಡ್ಡಿ ಬಿಚ್ಚಿ ಇಳಿಬಿಟ್ಟು ಎಳೆದುಕೊಂಡ. ಈ ಕತೆ ಹೇಳಿ ರಾಯರು ಗಂಭೀರವಾಗಿ ಸೇರಿಸುತ್ತಾರೆ: “ಅದಕ್ಕೇ ನಾನು ಯಾವಾಗ್ಲೂ ಎರಡು ಹಾಕ್ಕೊಂಡಿರ್ತೀನಿ.”

ಬ್ಲ್ಯಾಕ್‌ಟೇಲಿನಲ್ಲಿ ಅವರದೊಂದು ಪೂಜಾವಿಧಿ. ಅಲ್ಲಿ ಸುಮಾರು 50 ಕೋಟಿ ವರ್ಷ ಹಳೆಯ ಮರಳುಗಲ್ಲು ನೇರವಾಗಿ 170 ಕೋಟಿ ವರ್ಷದ ಕಪ್ಪು ಶಿಲೆಯ ಮೇಲೆ ಕೂತಿದೆ, ನಡುವಿನ ಕಾಲದ ಕಲ್ಲೇ ಇಲ್ಲ. ಪ್ರತಿಯೊಬ್ಬರ ಅಂಗೈ ಹಿಡಿದು ಹೆಬ್ಬೆರಳು ಮೇಲಿನದಕ್ಕೆ, ಕಿರುಬೆರಳು ಕೆಳಗಿನದಕ್ಕೆ ಇಡಿಸಿ ಫೋಟೋ ತೆಗೆಯುತ್ತಾರೆ. “ನೋಡಿ, ನಿಮ್ಮ ಅಂಗೈ ಅಡಿ 120 ಕೋಟಿ ವರ್ಷ ಕಾಣೆಯಾಗಿದೆ!” ಆದರೆ ನಿನ್ನೆ ಮಧ್ಯಾಹ್ನ ಪಾತ್ರೆ ತೊಳೆಯುವ ಸರದಿಯಲ್ಲಿ ಕಾಣೆಯಾದ ಮೂರು ಗಂಟೆಯ ಬಗ್ಗೆ ಕೇಳಬಾರದು. ಈ ನದಿಯಲ್ಲಿ ಮನುಷ್ಯರ ಮಲವನ್ನೂ ಡಬ್ಬಗಳಲ್ಲಿ ತುಂಬಿ ಕೊನೆಯ ತನಕ ದೋಣಿಯಲ್ಲೇ ಒಯ್ಯಬೇಕೆಂಬ ನಿಯಮವಿದೆ. ಆ ಡಬ್ಬ ಹೊರುವ ಸರದಿ ಬಂದ ಬೆಳಗ್ಗೆಯೇ ಅವರಿಗೆ ನಕ್ಷೆಯಲ್ಲಿಲ್ಲದ ಹೊಸ ಸಂದಿ ಸಿಗುತ್ತದೆ.

ನಿಯಮ ಮುರಿಯುವವರಲ್ಲ ಅನ್ನುವುದನ್ನೂ ಹೇಳಬೇಕು. ಡೀರ್ ಕ್ರೀಕಿನ ಸಂದಿ ಪೈಯೂಟ್ ಜನರಿಗೆ ಪವಿತ್ರ, ಹಗ್ಗ ಬಿಟ್ಟು ಇಳಿಯುವುದು ನಿಷಿದ್ಧ. ಮೇಲಿನ ಅಂಚಿನ ದಾರಿಯಲ್ಲಿ ರಾಯರು ಕೈ ಹಿಂದೆ ಕಟ್ಟಿಕೊಂಡು ನಿಂತು ಕೆಳಗೆ ಇಣುಕುತ್ತಾರೆ, ಅಷ್ಟೇ. ಮಳೆಯ ವಿಷಯದಲ್ಲಂತೂ ಹುಡುಗಾಟವೇ ಇಲ್ಲ. ತಲೆಗಿಂತ ಎಷ್ಟೋ ಎತ್ತರದಲ್ಲಿ ಎರಡೂ ಗೋಡೆಗೆ ಕಚ್ಚಿಕೊಂಡು ನಿಂತ ಮರದ ದಿಮ್ಮಿ ತೋರಿಸಿ, “ಇದನ್ನ ಅಲ್ಲಿ ಯಾರು ಇಟ್ರು ಅಂದ್ಕೊಂಡ್ರಿ?” ಎಂದು ಕೇಳುತ್ತಾರೆ. 1997ರ ಆಗಸ್ಟ್ 12ರಂದು ಪೇಜ್ ಊರಿನ ಹತ್ತಿರದ ಆಂಟೆಲೋಪ್ ಕಣಿವೆಯಲ್ಲಿ 11 ಜನ ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲಿಗಟ್ಟಲೆ ಆಚೆ. ದಿಗಂತದಲ್ಲಿ ಒಂದು ಮೋಡ ಕಪ್ಪಗಾದರೆ ಎಲ್ಲರಿಗಿಂತ ಮೊದಲು ವಾಪಸು ತಿರುಗುವವರು ರಾಯರೇ. ಅವತ್ತು ಮಾತ್ರ ಅವರಿಗೆ ಮುಂದಿನ ತಿರುವು ನೆನಪಿಗೆ ಬರುವುದಿಲ್ಲ.

ಹೊಸಬರ ಮೇಲೆ ಅವರಿಗಿರುವ ಪ್ರೀತಿ ಕಂಡರೆ ಕಣ್ಣು ತುಂಬಿ ಬರುತ್ತದೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗನ ಪಕ್ಕದಲ್ಲೇ ಕೂರುತ್ತಾರೆ, ಹೋಳಿಗೆಗೆ ತುಪ್ಪ ತಾವೇ ಬಡಿಸುತ್ತಾರೆ. “ಏನಪ್ಪಾ, ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ದೋಣಿ ಹತ್ತೇ ಇಲ್ವಾ? ಒಂದ್ಸಲಾನೂ?” ಇದರ ಹಿಂದಿನ ಗುಟ್ಟು ನ್ಯಾಷನಲ್ ಪಾರ್ಕಿನ ಲಾಟರಿ. ಪರವಾನಗಿ ಸಿಗುವುದು ಚೀಟಿ ಎತ್ತಿ. ನಾಲ್ಕೈದು ವರ್ಷದಿಂದ ನದಿಗೆ ಇಳಿಯದವನ ಹೆಸರಿಗೆ ಐದು ಪಾಲು, ಮೊನ್ನೆ ಮೊನ್ನೆ ಹೋಗಿಬಂದವನಿಗೆ ಒಂದೇ. ವರ್ಷ ವರ್ಷ ಹೋಗುವ ರಾಯರ ಹೆಸರಿಗೆ ಚಿಕ್ಕಾಸಿನ ಬೆಲೆಯಿಲ್ಲ. ಹುಡುಗನ ಹೆಸರಲ್ಲಿ ಅರ್ಜಿ ಹೋಗುತ್ತದೆ, 25 ಡಾಲರ್ ರಾಯರದು. ತಾರೀಕು ಚಳಿಗಾಲದ್ದೇ ಆಗಬೇಕು, ಆಗ 25 ದಿನ ನದಿಯಲ್ಲಿ ಇರಬಹುದು. ನೀರು ಮೇಲಿನ ಅಣೆಕಟ್ಟಿನ ಆಳದಿಂದ ಬರುವ ಐಸು ಅನ್ನುವುದನ್ನು ಲೀಸ್ ಫೆರಿ ಮುಟ್ಟಿದ ಮೇಲೆ ಹೇಳುತ್ತಾರೆ.

25ನೆಯ ದಿನ ಡೈಮಂಡ್ ಕ್ರೀಕಿನಲ್ಲಿ ದೋಣಿಗಳ ಗಾಳಿ ತೆಗೆದು ಲಾರಿಗೆ ಹಾಕುತ್ತಾರೆ. ಹುವಾಲಪೈ ಜನರ ನೆಲದಲ್ಲಿ, ಹೊಳೆಯ ಪಾತ್ರದೊಳಗೇ ಸಾಗುವ ಮಣ್ಣಿನ ರಸ್ತೆ ಪೀಚ್ ಸ್ಪ್ರಿಂಗ್ಸ್ ಊರಿಗೆ ಏರುತ್ತದೆ. ಬಂದ ದಾರಿಯುದ್ದಕ್ಕೂ ತನ್ನ ನೀರಿನ ಬಾಟಲಿ ತುಂಬಿಸಿಕೊಟ್ಟ ರಾಯರ ಭುಜಕ್ಕೆ ಒರಗಿ ಹುಡುಗ, “ಅಂಕಲ್, ಮುಂದಿನ ಸಲಾನೂ ಕರ್ಕೊಂಡು ಹೋಗ್ತೀರಲ್ವಾ?” ಅನ್ನುತ್ತಾನೆ. ನೀರಿನಿಂದ ಎದ್ದ ಅವನ ಬೆಲೆ ಈಗ ಐದರಿಂದ ಒಂದಕ್ಕೆ ಇಳಿದಿದೆ. “ನೋಡೋಣ ಬಿಡಪ್ಪ,” ಅನ್ನುತ್ತಾರೆ ರಾಯರು. ಊರು ಮುಟ್ಟಿದ ಕೂಡಲೇ ಅಂಗಡಿಗೆ ಹೋಗಿ, ಒಂದು ಕೋಕು ಕೊಂಡು, ಗಲ್ಲಾದಲ್ಲಿ ಕೂತವನನ್ನು ವಿಚಾರಿಸುತ್ತಾರೆ, ನೀನು ಕೊನೆಯ ಸಲ ನದಿಗೆ ಇಳಿದದ್ದು ಯಾವಾಗ ಅಂತ.