ಎಣ್ಣೆ ಹಚ್ಚಿಕೊಂಡ ಮೇಲೆ

ಬಿಸಿನೀರು ಬರದಿದ್ದರೆ ಎಲ್ಲರೂ ಬೈಯುವುದು ಒಲೆಯನ್ನೇ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲಲ್ಲಿ ಹಂಡೆ ಕಾಯದಿದ್ದರೆ ಹಸಿ ಸೌದೆ ತುರುಕಿದವರ ಮೂರು ತಲೆಮಾರಿನ ಜಾತಕ ಹೊರಬರುತ್ತಿತ್ತು. ತಣ್ಣೀರಿನ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಅದು ತನ್ನ ಪಾಡಿಗೆ ತಣ್ಣಗಿರುವ ಸಾಧುಪ್ರಾಣಿ. ಈ ಸಾಧು ಎಂಥ ಕಳ್ಳನೆಂಬುದು ನನಗೆ ತಿಳಿದದ್ದು ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ.

ಮಗ ಒಂದು ಆರ್‌ವಿ ಬಾಡಿಗೆಗೆ ಹಿಡಿದಿದ್ದ. ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಓಡುವ ಮನೆ. ಅದನ್ನು ಫಿಶಿಂಗ್ ಬ್ರಿಜ್ ಎಂಬಲ್ಲಿ, ಯೆಲ್ಲೊಸ್ಟೋನ್ ಸರೋವರದ ಹತ್ತಿರ ನಿಲ್ಲಿಸಿದ್ದೆವು. ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದ ಜಾಗ. ಬೇಸಿಗೆಯಲ್ಲೂ ಬೆಳಗಿನ ಹೊತ್ತು ಹಲ್ಲು ಕಟಕಟ ಎನ್ನುತ್ತದೆ. ಆದರೆ ನೆಲ ಮಾತ್ರ ಕುದಿಯುತ್ತಿರುತ್ತದೆ! ಈ ಒಂದು ಉದ್ಯಾನದಲ್ಲಿ ಬಿಸಿನೀರಿನ ಬುಗ್ಗೆ, ಹಬೆಯ ರಂಧ್ರ, ಕುದಿಯುವ ಕೆಸರಿನ ಗುಂಡಿ ಎಲ್ಲ ಸೇರಿ 10,000ಕ್ಕೂ ಹೆಚ್ಚಿವೆ. ಲೋಕದಲ್ಲಿ ನೀರು ಚಿಮ್ಮಿಸುವ ಗೀಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಇವೆ. ಎತ್ತರದ ದೆಸೆಯಿಂದ ನೀರು 93 ಡಿಗ್ರಿಗೇ ಕುದಿಯುತ್ತದೆ. ಹಿಂದಿನ ದಿನ ಓಲ್ಡ್ ಫೇಯ್ತ್‌ಫುಲ್ ಎಂಬ ಗೀಸರ್ ಆಕಾಶಕ್ಕೆ ಚಿಮ್ಮಿದ್ದನ್ನು ನೋಡಿ ನನ್ನವಳು, "ಎಷ್ಟು ಬಿಸಿನೀರು ದಂಡ ಆಗ್ತಿದೆ ನೋಡಿ" ಎಂದು ನಿಜವಾಗಿಯೂ ನೊಂದುಕೊಂಡಿದ್ದಳು. ಆ ಬುಗ್ಗೆಗಳಲ್ಲಿ ಇಳಿಯುವುದು ಅಪರಾಧ. ಬಿದ್ದು ಸತ್ತವರೂ ಇದ್ದಾರೆ.

ಮಾರನೆಯ ದಿನ ಶನಿವಾರ. ಶನಿವಾರ ಎಂದರೆ ನನಗೆ ಎಣ್ಣೆಸ್ನಾನ. ದೇಶ ಬದಲಾದರೆ ವಾರ ಬದಲಾಗುತ್ತದೆಯೇ? ನೆತ್ತಿಯಿಂದ ಅಂಗಾಲಿನವರೆಗೆ ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡು, ಹಳೆಯ ಪಂಚೆಯ ತುಂಡು ಸುತ್ತಿ, ಆ ಕಪಾಟಿನಂಥ ಬಚ್ಚಲಿಗೆ ಹೊಕ್ಕು ನಲ್ಲಿ ತಿರುಗಿಸಿದೆ. ಬಂದದ್ದು ಉಗುರುಬೆಚ್ಚಗಿನ ನೀರು. ಮಾತ್ರೆ ನುಂಗಲು ಸರಿ, ಎಣ್ಣೆ ಬಿಡಿಸಲು ಅಲ್ಲ.

"ಸ್ವಿಚ್ ಹಾಕಿದೀಯೇನೋ?" ಎಂದು ನನ್ನವಳು ಮಗನನ್ನು ಕೇಳಿದಳು. ಸಾಫ್ಟ್‌ವೇರಿನವನಿಗೆ ಇದಕ್ಕಿಂತ ಅವಮಾನ ಬೇರಿಲ್ಲ. ಸ್ವಿಚ್ಚು ಹಾಕಿತ್ತು. ಆ ಹೀಟರು ಗ್ಯಾಸಿಗೂ ಕರೆಂಟಿಗೂ ನಡೆಯುವಂಥದು, ಎರಡೂ ಚಾಲೂ ಇದ್ದವು. ಹಿಡಿಸುವುದು 6 ಗ್ಯಾಲನ್, ನಮ್ಮ ಲೆಕ್ಕದಲ್ಲಿ 23 ಲೀಟರಿಗೆ ತುಸು ಕಡಿಮೆ. ಗ್ಯಾಸಿನಲ್ಲಿ ಅದು ಅರ್ಧ ಗಂಟೆಯಲ್ಲಿ ಕಾಯಬೇಕು. ಮಗ ಮಂಚದ ಕೆಳಗಿನ ಬಾಗಿಲು ತೆಗೆದು, ಮೊಬೈಲ್ ಬೆಳಕು ಬಿಟ್ಟು, ಒಳಗೆ ತಲೆ ತೂರಿಸಿದ. ಅಲ್ಲಿ ಮೂರು ವಾಲ್ವುಗಳು. ಚಳಿಗಾಲದಲ್ಲಿ ಗಾಡಿ ನಿಲ್ಲಿಸಿಡುವಾಗ ಪೈಪು ಹೆಪ್ಪುಗಟ್ಟಿ ಒಡೆಯದಂತೆ ಗುಲಾಬಿ ಬಣ್ಣದ ದ್ರವ ತುಂಬುತ್ತಾರೆ. ಅದು ಹೀಟರಿಗೆ ಹೋಗದೆ ಬಳಸಿಕೊಂಡು ಹೋಗಲಿ ಎಂದು ಒಂದು ಅಡ್ಡದಾರಿ. ಬೇಸಿಗೆ ಬಂದಾಗ ಆ ಅಡ್ಡದಾರಿಯ ವಾಲ್ವು ಅರೆಬರೆ ತೆರೆದೇ ಉಳಿದರೆ ತಣ್ಣೀರು ನೇರ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಮಗನ ಗುಮಾನಿ ಅದೇ. ಆದರೆ ವಾಲ್ವು ಗಟ್ಟಿಯಾಗಿ ಮುಚ್ಚಿತ್ತು.

ಎಣ್ಣೆ ಕಣ್ಣಿಗಿಳಿಯತೊಡಗಿತ್ತು. ಬಿಸಿಲಿಗಾದರೂ ನಿಲ್ಲೋಣವೆಂದು ಹೊರಟರೆ ನನ್ನವಳು ಬಾಗಿಲಿಗೆ ಅಡ್ಡ ನಿಂತಳು. ಅದು ಗ್ರಿಜ್ಲಿ ಕರಡಿಗಳ ಸೀಮೆ. ಅಲ್ಲಿ ಬಟ್ಟೆಯ ಡೇರೆಗೆ ಅನುಮತಿಯಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ತಿಂಡಿಯಿಂದ ಹಿಡಿದು ಸೋಪು, ಪೇಸ್ಟಿನವರೆಗೆ ವಾಸನೆಯ ಯಾವ ವಸ್ತುವನ್ನೂ ಹೊರಗಿಡಬಾರದೆಂದು ನಿಯಮ. "ಎಣ್ಣೆಬಾಟ್ಲಿನೇ ಹೊರಗಿಡಬಾರದಂತೆ, ನಿಮ್ಮನ್ನ ಹ್ಯಾಗ್ರೀ ಬಿಡೋದು?" ಎಂದಳು. ಕಾನೂನಿನ ಪ್ರಕಾರ ಅವಳ ಮಾತು ಸರಿ ಎಂದು ಸೊಸೆಯೂ ಒಪ್ಪಿದಳು.

ಅಷ್ಟರಲ್ಲಿ ಪಕ್ಕದ ಗಾಡಿಯ ಮುದುಕರು ಬಂದರು. ಮನೆ ಮಾರಿ ವರ್ಷವಿಡೀ ಗಾಡಿಯಲ್ಲೇ ಇರುವ ಜಾತಿ. ಎಣ್ಣೆ ಸುರಿಯುವ ಪಂಚೆಧಾರಿಯನ್ನು ಕಿಟಕಿಯಲ್ಲಿ ಕಂಡೂ ಏನೂ ಕೇಳದಷ್ಟು ಸಭ್ಯರು. ಹೊರಗಿನಿಂದ ಹೀಟರಿನ ಮುಚ್ಚಳ ತೆಗೆದು ಉರಿ ನೋಡಿದರು. ಗ್ಯಾಸಿನ ವಾಸನೆಗೆ ಜೇಡಗಳು ಬಂದು ಉರಿಯ ನಳಿಗೆಯಲ್ಲಿ ಬಲೆ ಕಟ್ಟುತ್ತವಂತೆ, ಆಗ ಉರಿ ಹಳದಿಗೆ ತಿರುಗುತ್ತದಂತೆ. ಇಲ್ಲಿ ನೀಲಿಯಾಗಿಯೇ ಇತ್ತು. ಆಮೇಲೆ ಒಳಗೆ ಬಂದು, ಹೀಟರಿನಿಂದ ಹೊರಡುವ ಪೈಪನ್ನು ಮುಟ್ಟಿ ಕೈ ಸರಕ್ಕನೆ ಹಿಂದೆಳೆದುಕೊಂಡರು. ಪೈಪು ಸುಡುತ್ತಿತ್ತು. ಅಂದರೆ 55-60 ಡಿಗ್ರಿಯ ನೀರು ಹೀಟರಿನಿಂದ ಹೊರಡುತ್ತಿದೆ, ನಲ್ಲಿಗೆ ಮುಟ್ಟುವಷ್ಟರಲ್ಲಿ ತಣ್ಣೀರು ದಾರಿಯಲ್ಲಿ ಎಲ್ಲೋ ಸೇರಿಕೊಳ್ಳುತ್ತಿದೆ. ಎರಡು ಗಂಟೆ ನಾವು ಜಾಲಾಡಿದ ಹೀಟರು ನಿರಪರಾಧಿ!

"ಹೊರಗಿನ ಶವರ್ ಯಾರು ಬಳಸಿದರು?" ಎಂದು ಅವರು ಕೇಳಿದರು. ಎಲ್ಲರೂ ಮೊಮ್ಮಗನ ಕಡೆ ತಿರುಗಿದೆವು. ಅವನು ತನ್ನ ಶೂ ನೋಡಿಕೊಂಡ. ಗಾಡಿಯ ಹೊರಮೈಯಲ್ಲಿ ಪುಟ್ಟ ಬಾಗಿಲಿನ ಹಿಂದೆ ಕೆಸರುಕಾಲು ತೊಳೆಯಲು ಒಂದು ಶವರ್ ಇದೆ. ಹುಡುಗ ಶೂ ತೊಳೆದು, ಶವರಿನ ಮೂತಿಯ ಗುಂಡಿ ಒತ್ತಿ ನೀರು ನಿಲ್ಲಿಸಿದ್ದ. ಹಿಂದಿನ ಎರಡು ನಲ್ಲಿಗಳು, ಬಿಸಿಯದು ತಣ್ಣನೆಯದು, ತೆರೆದೇ ಇದ್ದವು. ಮೂತಿ ಮುಚ್ಚಿ ನಲ್ಲಿಗಳು ತೆರೆದಿದ್ದರೆ ಎರಡು ಪೈಪುಗಳ ನಡುವೆ ಬಾಗಿಲಿಲ್ಲದ ಓಣಿಯಾಗುತ್ತದೆ. ಒಳಗೆ ನಾನು ಬಿಸಿನೀರು ತಿರುಗಿಸಿದೊಡನೆ ತಣ್ಣೀರು ಆ ಓಣಿಯಲ್ಲಿ ನುಸುಳಿ ಬಿಸಿನೀರಿನ ವೇಷದಲ್ಲಿ ನನ್ನ ತಲೆಗೆ ಬೀಳುತ್ತಿತ್ತು. ಹೊರಗೆ ಒಂದು ಹನಿಯೂ ಸೋರಿಲ್ಲ. ಸೋರಿದ್ದರೆ ಹಿಡಿಯಬಹುದಿತ್ತು.

ಮುದುಕರು ಎರಡೂ ನಲ್ಲಿ ತಿರುಪಿದರು. ಅಷ್ಟೇ. ನೀರು ಸುಡುಸುಡುತ್ತ ಬಂತು. ಆಗ ಅವರು ಬಹಳ ಸಂಕೋಚದಿಂದ ನನ್ನ ಮೈಯತ್ತ ಬೆರಳು ತೋರಿಸಿ, ಇದೇನು ಚರ್ಮರೋಗಕ್ಕೆ ಔಷಧವೇ ಎಂದು ಸೊಸೆಯನ್ನು ಕೇಳಿದರಂತೆ. ಅವಳು ಹೌದೆಂದಳಂತೆ. ಎಣ್ಣೆಸ್ನಾನದ ಮಹಿಮೆ ವಿವರಿಸುವಷ್ಟರಲ್ಲಿ 23 ಲೀಟರ್ ಮುಗಿದುಹೋದೀತೆಂಬ ಭಯ ಅವಳಿಗೆ.

ನಾನು ಸೀಗೆಪುಡಿ ತಿಕ್ಕಿ, ನಿಲ್ಲಿಸಿ, ಮತ್ತೆ ಸುರಿದುಕೊಂಡು, ಊರಲ್ಲಿ ಒಂದು ಹಂಡೆ ಬೇಡುವ ಸ್ನಾನವನ್ನು ಅಷ್ಟರಲ್ಲೇ ಮುಗಿಸಿ ಕೆಂಪಗಾಗಿ ಹೊರಬಂದೆ. ಕಾಫಿ ಕಾದಿತ್ತು. ಮಗ ಗೋಡೆಯ ಮೇಲಿನ ದೀಪಗಳ ಸಾಲನ್ನೇ ನೋಡುತ್ತ ನಿಂತಿದ್ದ. ಬಚ್ಚಲ ನೀರು ತುಂಬುವ ತೊಟ್ಟಿಯನ್ನು ಆಗತಾನೇ ಖಾಲಿ ಮಾಡಿ ಬಂದಿದ್ದನಂತೆ. ಆದರೂ ದೀಪ ತೊಟ್ಟಿ ತುಂಬಿದೆ ಎನ್ನುತ್ತಿತ್ತು.

"ಅಪ್ಪಾ," ಎಂದ, "ಸೀಗೆಪುಡಿ ಎಷ್ಟು ಹಾಕ್ಕೊಂಡೆ?"